ಸಿಕ್ಕು ಬಿಡಿಸುವ ಜಿಲ್ಲೆಯಲ್ಲಿ ಕತ್ತರಿಯ ಭಯ

ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರದ ಹೆಸರು ಕೂದಲಿನ ವ್ಯಾಪಾರದವರಿಗೆ ಬಹಳ ದೂರದವರೆಗೆ ಗೊತ್ತು. ಹಣಗಿಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಓಣಿಗೆ ಬಂದ ವ್ಯಾಪಾರಿಗೆ ಕೊಟ್ಟು ಪಿನ್ನೋ ಪಾತ್ರೆಯೋ ತೆಗೆದುಕೊಳ್ಳುವುದು ನಮ್ಮ ಭಾಗದಲ್ಲಿ ಎಲ್ಲರೂ ಕಂಡ ರೂಢಿ. ಹಾಗೆ ಬಂದ ಉಂಡೆಗಳನ್ನು ಅಲ್ಲಿನ ಹೆಂಗಸರು ಕೈಯಿಂದ ಬಿಡಿಸಿ, ಮುಳ್ಳಿನ ಹಲಗೆಗೆ ಎಳೆದು ಹಿಕ್ಕಿ, ಉದ್ದ ನೋಡಿ ಬೇರೆಬೇರೆ ಕಟ್ಟು ಕಟ್ಟುತ್ತಾರೆ. ಇಂಥ ಕೈಗಳಿರುವ ಜಿಲ್ಲೆಯಲ್ಲೇ ಹೆಣ್ಣುಮಗುವಿನ ತಲೆಯಲ್ಲಿ ಕೂದಲು ಗಂಟುಗಟ್ಟಿದರೆ ದೇವಿ ಬಂದಳೆಂದು ಕೈ ಮುಗಿಯುವವರೂ ಇದ್ದಾರೆ. ಉದ್ದ ಕೂದಲನ್ನು ನಾವು ಬೆಳೆಸುವ ಬಗೆಯನ್ನು ತೂಗಿ ನೋಡಬೇಕೆನ್ನಿಸಿದ್ದು ಇದರಿಂದಲೇ.

ಮೊದಲು ಹೊಗಳಬೇಕಾದದ್ದನ್ನು ಹೊಗಳುತ್ತೇನೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆರಳು ಹಾಕುವ ನಮ್ಮ ತಾಯಂದಿರ ಪದ್ಧತಿ ಬಲವಾದದ್ದು. ಕೂದಲಿನ ಎಳೆಯ ಮೇಲ್ಮೈಯಲ್ಲಿ ಹಂಚಿನ ಮಾಡಿನಂತೆ ಒಂದರ ಮೇಲೊಂದು ಕೂತ ಸಣ್ಣ ಪದರಗಳಿರುತ್ತವೆ. ಉಜ್ಜಾಟದಿಂದ ಅವು ಏಳುತ್ತವೆ, ಎದ್ದವು ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತವೆ. ಹೆರಳು ಉಜ್ಜಾಟವನ್ನು ಕಡಿಮೆ ಮಾಡುತ್ತದೆ. ಎಣ್ಣೆಯ ವಿಷಯದಲ್ಲಿ, ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ತೈಲಗಳನ್ನು ಹೋಲಿಸಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕೂದಲಿನೊಳಗಿನ ಪ್ರೋಟೀನು ಸೋರಿಹೋಗುವುದನ್ನು ಗಮನಾರ್ಹವಾಗಿ ತಡೆದದ್ದು ಕೊಬ್ಬರಿ ಎಣ್ಣೆಯೊಂದೇ ಎಂದು ಅದು ತೋರಿಸಿತು. ಅದನ್ನು ಮಾಡಿದವರು ಎಣ್ಣೆ ಕಂಪನಿಯ ಸಂಶೋಧಕರೇ ಆಗಿದ್ದರು ಎಂಬುದನ್ನು ಓದುಗರು ನೆನಪಿಡಲಿ. ಆದರೂ ಅದರ ಮಾತು ಮನೆಯ ಅನುಭವಕ್ಕೆ ಹೊಂದುತ್ತದೆ. ಎಣ್ಣೆ ಎಳೆಯನ್ನು ಕಾಯುತ್ತದೆ, ಅಷ್ಟೇ. ಬುಡದಿಂದ ಹೊಸ ಕೂದಲು ಹುಟ್ಟಿಸುತ್ತದೆ ಎಂದು ಬಾಟಲಿಯ ಮೇಲೆ ಬರೆದದ್ದನ್ನು ನಾನು ನಂಬುವುದಿಲ್ಲ.

ನಾವು ಎಡವಿರುವುದು ಕತ್ತರಿಯ ವಿಷಯದಲ್ಲಿ. 'ಹೆಣ್ಮಗಳ ಕೂದಲಿಗೆ ಕತ್ತರಿ ಹಚ್ಚಬಾರದು' ಎನ್ನುವವರು ಒಂದು ಕಡೆ, 'ತುದಿ ಕತ್ತರಿಸಿದರೆ ಬೇಗ ಬೆಳೀತದ' ಎನ್ನುವವರು ಇನ್ನೊಂದು ಕಡೆ. ಎರಡೂ ತಪ್ಪು. ಕೂದಲು ಬೆಳೆಯುವುದು ನೆತ್ತಿಯೊಳಗಿನ ಬುಡದಲ್ಲಿ, ತಿಂಗಳಿಗೆ ಸುಮಾರು 1 ಸೆಂ.ಮೀ. ಕೆಳಗೆ ಕತ್ತರಿ ಆಡಿದ ಸುದ್ದಿ ಬುಡಕ್ಕೆ ಮುಟ್ಟುವುದೇ ಇಲ್ಲ. ಆದರೆ ಸೊಂಟಕ್ಕಿಳಿದ ಹೆರಳಿನ ತುದಿಗೆ ಐದಾರು ವರ್ಷ ವಯಸ್ಸಾಗಿರುತ್ತದೆ. ಅಷ್ಟು ಬಿಸಿಲು, ಅಷ್ಟು ಹಣಗಿ ಅದು ಕಂಡಿರುತ್ತದೆ. ಸೀಳಿದ ತುದಿಯನ್ನು ಹಾಗೇ ಬಿಟ್ಟರೆ ಸೀಳು ಮೇಲಕ್ಕೇರುತ್ತದೆ, ಕೊನೆಗೆ ನಡುವೆಯೇ ಮುರಿಯುತ್ತದೆ. ನಾಲ್ಕು ತಿಂಗಳಿಗೊಮ್ಮೆ 1 ಸೆಂ.ಮೀ. ತೆಗೆದರೂ ವರ್ಷಕ್ಕೆ ಬೆಳೆದ 12 ಸೆಂ.ಮೀ.ನಲ್ಲಿ 9 ಉಳಿಯುತ್ತದೆ. ಕತ್ತರಿಯನ್ನೇ ಕಾಣದ ಹೆರಳು ಕೆಳಗೆ ಹೋದಂತೆ ಇಲಿಬಾಲದಷ್ಟು ಸಣ್ಣಗಾಗಿ, ಕಡೆಗೆ ಚೌರಿ ಸೇರಿಸಿ ದಪ್ಪ ಮಾಡಬೇಕಾಗುತ್ತದೆ. ಕತ್ತರಿ ಹರಿತವಾಗಿರಬೇಕು, ಇದನ್ನು ಮಾತ್ರ ಮರೆಯಬಾರದು. ಮೊಂಡ ಕತ್ತರಿ ತಾನೇ ಹೊಸ ಸೀಳು ಮಾಡುತ್ತದೆ.

ನೀರಿನ ಮಾತನ್ನೂ ಹೇಳಬೇಕು. ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯಿದೆ; ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯ ಹಳ್ಳಿಗಳು ಬಹುಕಾಲ ಬೋರ್‌ವೆಲ್ಲನ್ನೇ ನಂಬಿ ಬಂದವು. ಬೋರ್‌ವೆಲ್ಲಿನ ಗಡಸು ನೀರಿಗೆ ಸಬಕಾರ ಕೂಡಿದರೆ ನೊರೆ ಬರುವುದರ ಬದಲು ಜಿಗುಟು ಕೊಳೆ ಎಳೆಗೆ ಅಂಟುತ್ತದೆ. ಅಂಥ ಊರಲ್ಲಿ ಮೈಗೆ ಹಚ್ಚುವ ಸಬಕಾರವನ್ನೇ ತಲೆಗೂ ತಿಕ್ಕುವುದು ಬೇಡ. ಸೀಗೆಕಾಯಿಯಾದರೂ ಸರಿ, ಅಂಗಡಿಯ ಶಾಂಪೂವಾದರೂ ಸರಿ. ಶಾಲೆಯ ಹುಡುಗಿಯರ ಎರಡು ಹೆರಳನ್ನು ಹಣೆಯ ಚರ್ಮ ಎಳೆಯುವಷ್ಟು ಬಿಗಿಯುವುದೂ ನಿಲ್ಲಬೇಕು. ವರ್ಷಗಟ್ಟಲೆ ಹಾಗೆ ಎಳೆದರೆ ಹಣೆಯಂಚಿನ ಕೂದಲು ಮರಳಿ ಬಾರದಂತೆ ಹೋಗಬಹುದು.

ಇವೆಲ್ಲ ತಿದ್ದಿಕೊಳ್ಳಬಹುದಾದ ತಪ್ಪುಗಳು. ಗಂಟುಗಟ್ಟಿದ ಜಡೆಯ ಹೆಸರಿನಲ್ಲಿ ನಡೆದದ್ದನ್ನು ಈ ಸಾಲಿನಲ್ಲಿ ಸೇರಿಸಲಾರೆ. ಎಣ್ಣೆ, ಹಣಗಿ ಕಾಣದ ಕೂದಲು ಉಜ್ಜಿ ಉಜ್ಜಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಭಾಗ್ಯನಗರಕ್ಕೆ ಬರುವ ಉಂಡೆ ಗಂಟಾಗುವ ಕಾರಣವೂ ಇದೇ: ಬುಡ ತುದಿ ಹಿಂದುಮುಂದಾಗಿ, ಪದರಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಈ ಸಹಜ ಗಂಟನ್ನು ಎಲ್ಲಮ್ಮನ, ಹುಲಿಗೆಮ್ಮನ ಕರೆ ಎಂದು ಓದಿ, ಎಷ್ಟೋ ಬಡ ದಲಿತ ಮನೆಗಳ ಹುಡುಗಿಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಲಾಯಿತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಮುತ್ತು ಕಟ್ಟುವುದನ್ನು ಅಪರಾಧವೆಂದಿತು. ಕತ್ತರಿ ಹಚ್ಚಿದರೆ ಕೇಡಾಗುತ್ತದೆಂಬ ಭಯವನ್ನು ಯಾವ ಕಾಯ್ದೆಯೂ ತೆಗೆಯಲಾರದು. ಆ ಭಯ ನಮ್ಮದು ಮಾತ್ರ ಎಂದೂ ತಿಳಿಯಬೇಕಿಲ್ಲ. ಪೋಲೆಂಡಿನ ಹಳ್ಳಿಗರು ಇಂಥದೇ ಜಡೆಯನ್ನು ಕತ್ತರಿಸಿದರೆ ಕುರುಡು, ಹುಚ್ಚು ಬರುತ್ತದೆಂದು ಶತಮಾನಗಳ ಕಾಲ ನಂಬಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ರಾಕೋವ್‌ನ ವೈದ್ಯ ಯೂಸೆಫ್ ಡೀಟಲ್ ಅದು ಕೊಳೆಯ ಫಲವೆಂದು ಸಾರಿ, ಕತ್ತರಿಸಿರೆಂದು ಪಟ್ಟುಹಿಡಿದರು. ಇಂದು ಅಲ್ಲಿ ಆ ಜಡೆ ಹೆಚ್ಚುಕಡಿಮೆ ಇಲ್ಲವಾಗಿದೆ.

ಜಡೆ ಹೊತ್ತವರ ಕುತ್ತಿಗೆ ನೋಯುತ್ತದೆ, ನೆತ್ತಿಯಲ್ಲಿ ಹೇನು, ಹುಣ್ಣು ಕೂರುತ್ತವೆ. ಒತ್ತಾಯದಿಂದ ಕತ್ತರಿಸುವುದೂ ಸರಿಯಲ್ಲ. ಹತ್ತಾರು ವರ್ಷ ಹೊತ್ತ ಭಯವನ್ನು ಮಾತಾಡಿ ಮಾತಾಡಿಯೇ ಇಳಿಸಬೇಕು. ಮಕ್ಕಳ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಮಗಳ ತಲೆಯಲ್ಲಿ ಗಂಟು ಕಂಡ ದಿನವೇ ಎಣ್ಣೆ ಹಚ್ಚಿ, ತುದಿಯಿಂದ ಮೇಲಕ್ಕೆ ಸ್ವಲ್ಪಸ್ವಲ್ಪವೇ ಬಿಡಿಸಿ. ಬಿಡದಿದ್ದರೆ ಅಷ್ಟನ್ನು ಕತ್ತರಿಸಿಬಿಡಿ. ಕೂದಲು ತಿಂಗಳಿಗೆ 1 ಸೆಂ.ಮೀ.ನಂತೆ ಮತ್ತೆ ಬೆಳೆಯುತ್ತದೆ.