ಪ್ರಶಸ್ತಿ, ಸೀಮೆ, ಸಾಕ್ಷಿ: ರಾಮೋಜಿ ಫಿಲ್ಮ್ ಸಿಟಿಯ ವರ್ಚಸ್ಸು ಮತ್ತು ಅಭಿಮಾನಿಗಳ ಮಾತು

ಮನರಂಜನಾ ಉದ್ಯಾನವೊಂದು ತನ್ನನ್ನು ಕುರಿತು ತಾನೇ ಹೇಳಿಕೊಳ್ಳುವ ಮಾತು ಒಂದು ಪಠ್ಯ. ಅಲ್ಲಿಗೆ ಹೋಗಿಬಂದು, ಅದನ್ನು ಮೆಚ್ಚಿಕೊಂಡು, ಸಂದರ್ಭ ಸಿಕ್ಕಾಗಲೆಲ್ಲ ಅದರ ವಿಷಯವನ್ನೆತ್ತುವ ಅಭಿಮಾನಿಗಳ ಮಾತು ಇನ್ನೊಂದು ಪಠ್ಯ. ಮೊದಲನೆಯದನ್ನು ವಾಣಿಜ್ಯಶಾಸ್ತ್ರದ ವಿದ್ವಾಂಸರು ಅಧ್ಯಯನಕ್ಕೆ ಎತ್ತಿಕೊಂಡಿದ್ದಾರೆ. ಎರಡನೆಯದು ಹರಟೆಯೆಂಬ ಕಾರಣದಿಂದ ಸಾಹಿತ್ಯ ವಿಮರ್ಶೆಯ ಹೊರಗೇ ಉಳಿದಿದೆ. ಹೊಗಳಿಕೆಯನ್ನು ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಶತಮಾನಗಳ ಕಾಲ ಸಾಕಿ ಬೆಳೆಸಿದ ಭಾಷೆ ನಮ್ಮದು. ಹೊಗಳಿಕೆ ಯಾವಾಗ ನಂಬಲರ್ಹವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬ ವಿವೇಚನೆಗೆ ಬೇಕಾದ ಸಾಧನಗಳು ಆ ಪರಂಪರೆಯಲ್ಲಿಯೇ ಇವೆ ಎಂಬುದು ನಮ್ಮ ನಂಬಿಕೆ. ಆ ಸಾಧನಗಳಿಂದ ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯ ವರ್ಚಸ್ಸನ್ನೂ ಅದರ ಕನ್ನಡ ಅಭಿಮಾನಿಗಳ ಅಭಿಪ್ರಾಯಗಳನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಭಿಪ್ರಾಯಗಳನ್ನು ನಾವು ಕೇಳಿದ್ದು ಹೆಚ್ಚಾಗಿ ಅಮೀರ್‌ಪೇಟ್‌ನಲ್ಲಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಗಳಿಂದ ಸಾಫ್ಟ್‌ವೇರ್ ತರಬೇತಿಗೆಂದು ಬರುವ ಯುವಕ ಯುವತಿಯರು ಇಲ್ಲಿನ ಹಾಸ್ಟೆಲುಗಳಲ್ಲಿ ತಂಗುತ್ತಾರೆ. ಇದು ಸಮೀಕ್ಷೆಯಲ್ಲ, ಮೆಸ್ಸುಗಳಲ್ಲಿಯೂ ಚಹದಂಗಡಿಗಳ ಮುಂದೆಯೂ ನಡೆದ ಮಾತುಕತೆಯ ಸಾರವಷ್ಟೇ. ಆದರೂ ಈ ಸ್ಥಳಕ್ಕೆ ಒಂದು ವಿಶೇಷವಿದೆ. ಮೈತ್ರಿವನಂ ಸುತ್ತಮುತ್ತಲ ಗೋಡೆಗಳು ತರಬೇತಿ ಕೇಂದ್ರಗಳ ಫಲಕಗಳಿಂದ ತುಂಬಿಹೋಗಿವೆ. ಪ್ರತಿಯೊಂದು ಫಲಕವೂ ತಾನೇ ಮೊದಲನೆಯದೆನ್ನುತ್ತದೆ. ಅದನ್ನು ಹಾಗೆಯೇ ನಂಬಿ ಶುಲ್ಕ ಕಟ್ಟುವವರು ಇಲ್ಲಿ ವಿರಳ. ಮೊದಲು ಉಚಿತ ಡೆಮೊ ತರಗತಿಯಲ್ಲಿ ಕುಳಿತು, ಹಿಂದಿನ ತಂಡದವರನ್ನು ವಿಚಾರಿಸಿ, ಆಮೇಲೆ ತೀರ್ಮಾನಿಸುವುದು ವಾಡಿಕೆ. ಜಾಹೀರಾತನ್ನು ಓದುವುದರಲ್ಲಿ ಪಳಗಿದ ಓದುಗರು ಇವರು. ಉದ್ಯಾನಕ್ಕೆ ಮಾತ್ರ ಡೆಮೊ ಎಂಬುದಿಲ್ಲ. ಹಣ ತೆತ್ತ ಮೇಲೆಯೇ ದರ್ಶನ. ಆದುದರಿಂದ ಮೊದಲು ಹೋಗಿಬಂದವರ ಮಾತಿಗೆ ಇಲ್ಲಿ ತುಂಬ ಬೆಲೆ.

1996ರಲ್ಲಿ ಆರಂಭವಾದ ಫಿಲ್ಮ್ ಸಿಟಿ ವಿಜಯವಾಡ ಹೆದ್ದಾರಿಯ ಪಕ್ಕದಲ್ಲಿದೆ. ಅಮೀರ್‌ಪೇಟ್‌ನಿಂದ ಎಲ್.ಬಿ. ನಗರದವರೆಗಿನ ಮೆಟ್ರೊ ಮಾರ್ಗ 2018ರ ಸೆಪ್ಟೆಂಬರಿನಲ್ಲಿ ತೆರೆದ ಬಳಿಕ, ಅಲ್ಲಿಂದ ಮುಂದೆ ಬಸ್ಸು ಹಿಡಿದು ಹೋಗುವುದು ಈ ವಿದ್ಯಾರ್ಥಿಗಳ ರೂಢಿಯಾಗಿದೆ. ಜಗತ್ತಿನ ಅತಿ ದೊಡ್ಡ ಚಲನಚಿತ್ರ ಸ್ಟುಡಿಯೊ ಸಂಕೀರ್ಣವೆಂಬ ಗಿನ್ನೆಸ್ ದಾಖಲೆಯೇ ಅದರ ವರ್ಚಸ್ಸಿನ ತಳಹದಿ. ಇದಕ್ಕೆ ‘ಬಾಹುಬಲಿ’ ಚಿತ್ರಗಳ (2015, 2017) ಮಾಹಿಷ್ಮತಿಯ ಸೆಟ್ಟು ಹೊಸ ಕೀರ್ತಿಯನ್ನು ಕೂಡಿಸಿತು. ರೈಲು ಬರದ ರೈಲು ನಿಲ್ದಾಣ, ವಿಮಾನ ಹಾರದ ವಿಮಾನ ನಿಲ್ದಾಣ, ಮುಂಭಾಗ ಮಾತ್ರವಿರುವ ಬೀದಿಗಳು ಇವನ್ನೆಲ್ಲ ಪ್ರವಾಸಿಗಳು ಬಸ್ಸಿನಲ್ಲಿ ಕುಳಿತು ನೋಡುತ್ತಾರೆ. ತನ್ನ ಸುಳ್ಳುಗಳನ್ನು ಸುಳ್ಳೆಂದೇ ತೋರಿಸಿ ಮೆಚ್ಚುಗೆ ಗಳಿಸುವ ಈ ಪ್ರಾಮಾಣಿಕತೆಯನ್ನು ನಮ್ಮೊಡನೆ ಮಾತನಾಡಿದ ಬಹುತೇಕರು ಹೊಗಳಿದರು. ಅದು ನ್ಯಾಯವಾದ ಹೊಗಳಿಕೆಯೇ ಸರಿ.

ಇಲ್ಲಿ ನಾವು ದಾನಶಾಸನದ ರಚನೆಯನ್ನು ನೆನೆಯಬೇಕು. ಮಂಗಳಶ್ಲೋಕದಿಂದ ತೊಡಗಿ, ಅರಸನ ಹಾಗೂ ದಾನಿಯ ಪ್ರಶಸ್ತಿಯನ್ನು ಹಾಡಿ, ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ಕೊಟ್ಟ ಭೂಮಿ ಎಷ್ಟು, ಅದರ ಮೂಡಣ ಮೇರೆ ಯಾವ ಹುಣಸೆಮರ, ಪಡುವಣ ಮೇರೆ ಯಾವ ಹುತ್ತ, ತೆಂಕಣಕ್ಕೆ ಯಾವ ಕೆರೆಯ ಕೋಡಿ ಎಂಬ ಸೀಮಾವಿವರ ಬರುತ್ತದೆ. ಸಾಕ್ಷಿಗಳ ಹೆಸರು ಬರುತ್ತದೆ. ಧರ್ಮವನ್ನು ಅಳಿದವರಿಗೆ ತಟ್ಟುವ ಪಾಪವನ್ನು ಹೇಳುವ ಶಾಪಾಶಯ ಬರುತ್ತದೆ. ಪ್ರಶಸ್ತಿಯಲ್ಲಿ ಎಷ್ಟೇ ಅತಿಶಯೋಕ್ತಿಯಿದ್ದರೂ ಹುಣಸೆಮರದ ವಿಷಯದಲ್ಲಿ ಅತಿಶಯೋಕ್ತಿಗೆ ಎಡೆಯಿಲ್ಲ. ಹೊಗಳಿಕೆಗೆ ನೆಲದ ಆಧಾರ ದೊರೆಯುವುದು ಸೀಮೆ, ಸಾಕ್ಷಿ, ಶಾಪಗಳೆಂಬ ಈ ಮೂರು ಅಂಗಗಳಿಂದ. ಇಂದಿನ ಉದ್ಯಾನದ ಪ್ರಚಾರವಾದರೋ ಪ್ರಶಸ್ತಿಭಾಗವನ್ನು ಮಾತ್ರ ಉಳಿಸಿಕೊಂಡು ಉಳಿದುದನ್ನು ಕೈಬಿಟ್ಟ ಶಾಸನ. ಫಿಲ್ಮ್ ಸಿಟಿಯ ವಿಸ್ತಾರ ಒಂದೆಡೆ 1,666 ಎಕರೆಯೆಂದೂ ಇನ್ನೊಂದೆಡೆ 2,000 ಎಕರೆಯೆಂದೂ ಬರುತ್ತದೆ; ಈ ವ್ಯತ್ಯಾಸ ಯಾರನ್ನೂ ಬಾಧಿಸುವುದಿಲ್ಲ. ಶಾಸನದ ಕಾಲದಲ್ಲಿಯಾಗಿದ್ದರೆ ಇಷ್ಟು ವ್ಯತ್ಯಾಸಕ್ಕೆ ಎರಡು ಊರುಗಳ ನಡುವೆ ವ್ಯಾಜ್ಯವೇ ಹುಟ್ಟುತ್ತಿತ್ತು.

ಈ ಕೊರತೆಯನ್ನು ತುಂಬಿಕೊಡುವುದು ಅಭಿಮಾನಿಗಳ ಮಾತು. ಅಮೀರ್‌ಪೇಟ್‌ನಲ್ಲಿ ಹೊಸಬನೊಬ್ಬ ಹೊರಡಲು ಸಿದ್ಧನಾದಾಗ ಅವನಿಗೆ ಸಿಗುವ ಉಪದೇಶವನ್ನು ಗಮನಿಸಬೇಕು. ಬೆಳಿಗ್ಗೆ ಬೇಗ ಹೋಗು, ಚಿತ್ರೀಕರಣ ಕಣ್ಣಿಗೆ ಬಿದ್ದೀತೆಂದು ಆಸೆಯಿಟ್ಟುಕೊಳ್ಳಬೇಡ, ಬಸ್ಸಿನ ಸುತ್ತಾಟಕ್ಕೆ ಅರ್ಧ ದಿನ ಸಲ್ಲುತ್ತದೆ, ಬೇಸಿಗೆಯಲ್ಲಿ ಬೇಡ, ಊಟದ ಖರ್ಚನ್ನು ಬೇರೆಯಾಗಿ ಲೆಕ್ಕ ಹಾಕಿಕೊ. ಇವು ದೂರುಗಳಂತೆ ಕೇಳಿಸುತ್ತವೆ, ಆದರೆ ದೂರುಗಳಲ್ಲ. ಹೇಳುವವನು ಉದ್ಯಾನವನ್ನು ಮೆಚ್ಚಿದವನೇ, ಇನ್ನೊಮ್ಮೆ ಹೋಗುವವನೇ. ಅವನು ಮಾಡುತ್ತಿರುವುದು ಸೀಮಾನಿರ್ದೇಶ: ಪ್ರಶಸ್ತಿ ಎಲ್ಲಿಯವರೆಗೆ ನಿಜ, ಎಲ್ಲಿಂದ ಮುಂದೆ ಅಲ್ಲ ಎಂಬ ಮೇರೆಗಲ್ಲನ್ನು ನೆಡುತ್ತಿದ್ದಾನೆ. ಹೋಗಿಬಂದ ಸಾಕ್ಷಿಯೂ ಅವನೇ.

ಇದೇ ನಗರದ ರಾವಿರ್ಯಾಲದಲ್ಲಿ 2016ರಲ್ಲಿ ತೆರೆದ ವಂಡರ್‌ಲಾದೊಡನೆ ಹೋಲಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂಬ ಹೆಸರಿನಿಂದ ಮೊದಲಾದ ಈ ಸಂಸ್ಥೆಯನ್ನು ಕನ್ನಡಿಗರು 2005ರಿಂದ ಬಿಡದಿಯಲ್ಲಿ ಬಲ್ಲರು. ಅಲ್ಲಿನ ಆಕರ್ಷಣೆ ಕತೆಯಲ್ಲ, ದೇಹದ ಅನುಭವ. ಇಷ್ಟು ಎತ್ತರವಿಲ್ಲದ ಮಗು ಏರಬಾರದು, ಹೃದ್ರೋಗಿಗಳೂ ಗರ್ಭಿಣಿಯರೂ ಏರಬಾರದು ಎಂಬ ಫಲಕಗಳು ಯಂತ್ರದ ಮುಂದೆಯೇ ಇರುತ್ತವೆ. ಅವು ಸೀಮಾವಿವರಗಳಲ್ಲದೆ ಬೇರೇನು? ಸಂಸ್ಥೆಯೇ ಮೇರೆಯನ್ನು ಹೇಳಿಬಿಟ್ಟಿರುವಲ್ಲಿ ಅಭಿಮಾನಿಗೆ ಆ ಕೆಲಸ ಉಳಿಯುವುದಿಲ್ಲ. ಆದುದರಿಂದ ವಂಡರ್‌ಲಾ ಕುರಿತ ಮಾತು ಸರತಿಯ ಉದ್ದ, ಸೋಮವಾರ ಶುಕ್ರವಾರಗಳ ಜನಸಂದಣಿಯ ವ್ಯತ್ಯಾಸ ಇಂಥ ವ್ಯಾವಹಾರಿಕ ಸಂಗತಿಗಳಿಗೆ ಸೀಮಿತವಾಗಿರುತ್ತದೆ. ಕತೆಯನ್ನು ಮಾರುವ ಉದ್ಯಾನದ ವರ್ಚಸ್ಸೇ ಹೆಚ್ಚು ವ್ಯಾಖ್ಯಾನವನ್ನು ಬೇಡುತ್ತದೆ.

ಫಿಲ್ಮ್ ಸಿಟಿಯ ವಿಷಯದಲ್ಲಿ ಇನ್ನೊಂದು ಜಟಿಲತೆಯಿದೆ. 2024ರ ಜೂನ್ 8ರಂದು ನಿಧನರಾದ ರಾಮೋಜಿ ರಾವ್ 1974ರಲ್ಲಿ ‘ಈನಾಡು’ ಪತ್ರಿಕೆಯನ್ನೂ 1995ರಲ್ಲಿ ಈಟಿವಿಯನ್ನೂ ಆರಂಭಿಸಿದವರು. 2000ದಲ್ಲಿ ಬಂದ ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಗುವವರೆಗೂ ಉತ್ತರ ಕರ್ನಾಟಕದ ಮನೆಗಳಲ್ಲಿ ಆ ಲಾಂಛನಕ್ಕೆ ಆತ್ಮೀಯ ಸ್ಥಾನವಿತ್ತು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ನೋಡಿ ಬೆಳೆದ ಪೀಳಿಗೆಯೇ ಇಂದು ಫಿಲ್ಮ್ ಸಿಟಿಯನ್ನು ತಮ್ಮದೆಂಬಂತೆ ಮಾತನಾಡಿಸುತ್ತದೆ. ಹೀಗೆ ಹೊಗಳಿಸಿಕೊಳ್ಳುವ ಮನೆಯಲ್ಲಿಯೇ ಹೊಗಳುವ ಸಾಧನವೂ ಇರುವಾಗ ಆ ಹೊಗಳಿಕೆಯನ್ನು ಹೇಗೆ ಓದಬೇಕು?

ಈ ಪ್ರಶ್ನೆ ತೆಲಂಗಾಣದ ನೆಲಕ್ಕೆ ಹೊಸದಲ್ಲ. ವೇಮುಲವಾಡದ ಚಾಲುಕ್ಯ ಎರಡನೆಯ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ್ದು ಹತ್ತನೆಯ ಶತಮಾನದಲ್ಲಿ, ಈ ನೆಲದ ಅರಸನ ಆಸ್ಥಾನದಲ್ಲಿಯೇ. ಆ ಸಮೀಕರಣ ಕಾವ್ಯಕ್ಕೆ ಭಾರವಾಯಿತೇ ಶಕ್ತಿಯಾಯಿತೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ. ಕವಿಗೆ ಧರ್ಮವುರವೆಂಬ ಅಗ್ರಹಾರ ದೊರೆತ ಸಂಗತಿ ಗುಟ್ಟಾಗಿ ಉಳಿಯಲಿಲ್ಲ. ಕವಿಯ ತಮ್ಮ ಜಿನವಲ್ಲಭ ಕರೀಂನಗರ ಸೀಮೆಯ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಕೊರೆಯಿಸಿದ ಶಾಸನದಲ್ಲಿ ಅದೂ ದಾಖಲಾಗಿದೆ. ಹೊಗಳಿದವನು ಯಾರು, ಅವನಿಗೆ ಬಂದದ್ದೇನು ಎಂಬುದು ಮೂರು ಭಾಷೆಯ ಓದುಗರಿಗೂ ಬಯಲಾಗಿದ್ದುದರಿಂದಲೇ ಆ ಹೊಗಳಿಕೆಯನ್ನು ತೂಗಿನೋಡುವುದು ಇಂದಿಗೂ ಸಾಧ್ಯವಾಗಿದೆ. ಹಣ ಪಡೆದು ಪ್ರಚಾರ ಮಾಡುವ ಜನಪ್ರಿಯ ವ್ಯಕ್ತಿಗಳು ಆ ಸಂಗತಿಯನ್ನು ತಿಳಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ವಿಧಿಸಿದ ನಿಯಮ ಕುರ್ಕ್ಯಾಲದ ಬಂಡೆ ಬಲ್ಲ ವಿವೇಕವನ್ನೇ ಮತ್ತೆ ಹೇಳುತ್ತದೆ.

ಇಷ್ಟರವರೆಗೆ ಅಭಿಮಾನಿಗಳ ಪರವಾಗಿ ವಾದಿಸಿದೆವು. ಅವರ ಪಠ್ಯದ ಮಿತಿಯನ್ನೂ ಹೇಳದಿದ್ದರೆ ವಿಮರ್ಶೆ ಅಪೂರ್ಣ. 2024ರ ಜನವರಿಯಲ್ಲಿ ಫಿಲ್ಮ್ ಸಿಟಿಯ ಆವರಣದಲ್ಲಿ ನಡೆದ ಖಾಸಗಿ ಸಾಫ್ಟ್‌ವೇರ್ ಸಂಸ್ಥೆಯೊಂದರ ಬೆಳ್ಳಿಹಬ್ಬದ ಸಮಾರಂಭದಲ್ಲಿ, ವೇದಿಕೆಗೆ ಮೇಲಿನಿಂದ ಇಳಿಯುತ್ತಿದ್ದ ಪಂಜರದ ಸರಪಳಿ ಕಡಿದು ಆ ಸಂಸ್ಥೆಯ ಮುಖ್ಯಸ್ಥರು ಮೃತಪಟ್ಟರು. ಪೊಲೀಸರು ಪ್ರಕರಣ ದಾಖಲಿಸಿದರು. ಹೊಣೆ ಯಾರದೆಂದು ನಿರ್ಣಯಿಸುವುದು ವಿಮರ್ಶಕರ ಕೆಲಸವಲ್ಲ. ಆದರೆ ಈ ಪ್ರಸ್ತಾಪ ಬಂದಾಗ ನಾವು ಹೆಚ್ಚಾಗಿ ಕೇಳಿದ ಉತ್ತರ, ಅದು ಪ್ರವಾಸಿಗಳ ಭಾಗದಲ್ಲಿ ನಡೆದದ್ದಲ್ಲ ಎಂಬುದು. ಊಟದ ಬೆಲೆಯ ವಿಷಯದಲ್ಲಿ ಅಷ್ಟು ನಿಷ್ಠುರವಾಗಿದ್ದ ಸಾಕ್ಷಿ ಇಲ್ಲಿ ವಕೀಲನಾಗಿಬಿಡುತ್ತಾನೆ. ಕರ್ನಾಟಕದಲ್ಲಿಯೂ ಇದಕ್ಕೆ ಸಮಾನವಾದ ನಿದರ್ಶನವಿದೆ. 2025ರ ಅಕ್ಟೋಬರಿನಲ್ಲಿ ಬಿಡದಿಯ ಜಾಲಿವುಡ್ ಸ್ಟುಡಿಯೊ ಉದ್ಯಾನಕ್ಕೆ, ತ್ಯಾಜ್ಯನೀರಿನ ನಿಯಮಗಳನ್ನು ಪಾಲಿಸಿಲ್ಲವೆಂಬ ಕಾರಣದಿಂದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಬೀಗ ಬಿದ್ದಿತು. ಕೆಲದಿನಗಳಲ್ಲಿ ಬೀಗ ತೆರೆಯಿತು. ಈ ನಡುವೆ ನಮ್ಮ ಕಿವಿಗೆ ಬಿದ್ದ ಅಭಿಮಾನಿಗಳ ಕಳವಳವೆಲ್ಲ ಅಲ್ಲಿ ಚಿತ್ರೀಕರಣವಾಗುತ್ತಿದ್ದ ‘ಬಿಗ್ ಬಾಸ್’ ನಿಲ್ಲುವುದೇ ಎಂಬುದಾಗಿತ್ತೇ ಹೊರತು ನೀರು ಎಲ್ಲಿಗೆ ಹರಿಯುತ್ತಿತ್ತು ಎಂಬುದಾಗಿರಲಿಲ್ಲ.

ಈ ಮೌನಕ್ಕೆ ಕಾರಣ ‘ಅಭಿಮಾನ’ ಎಂಬ ಶಬ್ದದಲ್ಲಿಯೇ ಇದೆ. ಮೂಲತಃ ಅದರ ಅರ್ಥ ತನ್ನ ಬಗ್ಗೆ ತನಗಿರುವ ಹೆಮ್ಮೆ, ಸ್ವಂತದ ಮಾನ. ನಮ್ಮ ಕಾಲದಲ್ಲಿ ಅದು ಇನ್ನೊಬ್ಬರ ಮೇಲಿನ ಮೆಚ್ಚುಗೆಯೆಂಬ ಅರ್ಥಕ್ಕೆ ತಿರುಗಿತು. ರಾಜಕುಮಾರ್ ಅಭಿಮಾನಿಗಳನ್ನು ದೇವರೆಂದು ಕರೆದ ಮೇಲಂತೂ ಅದಕ್ಕೆ ಪೂಜ್ಯತೆಯೂ ಬಂದಿತು. ಆದರೆ ಹಳೆಯ ಅರ್ಥ ಒಳಗೆ ಉಳಿದೇ ಇದೆ. ಅಭಿಮಾನಿ ತನ್ನ ಮಾನದ ಒಂದು ಪಾಲನ್ನು ಆ ಉದ್ಯಾನದಲ್ಲಿ ಇಟ್ಟಿದ್ದಾನೆ. ಸಣ್ಣ ಕೊರತೆಯನ್ನು ಹೇಳಿದರೆ ಅವನ ಜಾಣತನ ಮೆರೆಯುತ್ತದೆ. ದೊಡ್ಡ ಕೊರತೆಯನ್ನು ಒಪ್ಪಿದರೆ ಅವನ ಮಾನವೇ ಕುಂದುತ್ತದೆ. ಸೀಮೆ, ಸಾಕ್ಷಿಗಳನ್ನು ಒದಗಿಸುವ ಅವನ ಪಠ್ಯದಲ್ಲಿ ಶಾಪಾಶಯದ ಭಾಗ ಬರಿದಾಗಿರುವುದು ಹೀಗೆ. ಧರ್ಮ ಅಳಿದರೆ ಏನಾಗುತ್ತದೆ ಎಂದು ಹೇಳುವ ಧೈರ್ಯ ಮೆಚ್ಚುಗೆಗೆ ಸುಲಭವಾಗಿ ಬರುವುದಿಲ್ಲ.

ಉದ್ಯಾನದವರು ಇದನ್ನು ತಮ್ಮ ಭಾಗ್ಯವೆಂದು ಎಣಿಸಬಾರದು. ಅಭಿಮಾನಿಯ ಸಹನೆಯ ಮೇಲೆ ಕಟ್ಟಿದ ವರ್ಚಸ್ಸು ಅವನು ಸುಮ್ಮನಿರುವಷ್ಟು ಕಾಲ ಮಾತ್ರ ಬಾಳುತ್ತದೆ. ಯಂತ್ರಗಳ, ವೇದಿಕೆಗಳ ತಪಾಸಣೆ ಯಾವಾಗ ನಡೆಯಿತು, ಯಾರು ನಡೆಸಿದರು, ಅವಘಡವಾದಾಗ ಏನನ್ನು ಬದಲಾಯಿಸಲಾಯಿತು ಎಂಬುದನ್ನು ದಾಖಲೆಯ ಹೆಮ್ಮೆಯ ಪಕ್ಕದಲ್ಲಿಯೇ, ತೆಲುಗು, ಕನ್ನಡ, ಉರ್ದು ಬಲ್ಲವರೆಲ್ಲ ಓದುವಂತೆ ಬರೆದಿಟ್ಟರೆ ಪ್ರಶಸ್ತಿಗೆ ಲೋಪವಾಗುವುದಿಲ್ಲ, ಬೆಲೆ ಹೆಚ್ಚುತ್ತದೆ. ವಿದ್ವಾಂಸರಾದ ನಮ್ಮ ಪಾಲಿನ ಕೆಲಸವೂ ಇದೆ. ಇಂಥ ಮಾತುಗಳು ಆಡಿದ ಕ್ಷಣವೇ ಕರಗಿಹೋಗುತ್ತವೆ. ಅಮೀರ್‌ಪೇಟ್‌ನ ಹಾಸ್ಟೆಲಿನಲ್ಲಿ ಬೀದರಿನ ಹುಡುಗನೊಬ್ಬ ಕನ್ನಡ, ತೆಲುಗು, ದಖನಿಗಳನ್ನು ಬೆರೆಸಿ ತನ್ನ ಗೆಳೆಯನಿಗೆ ಹೇಳುವ ಎಚ್ಚರಿಕೆಯ ಮಾತನ್ನು, ಅವನು ಹೇಳದೆ ಬಿಟ್ಟುದನ್ನೂ ಗುರುತಿಸಿಕೊಂಡು, ಸಂಗ್ರಹಿಸಿಡುವ ಕಾರ್ಯವನ್ನು ಕನ್ನಡ ಅಧ್ಯಯನ ಇನ್ನಾದರೂ ಕೈಗೊಳ್ಳಬೇಕಾಗಿದೆ.