ಅಜ್ಜಿ ಅಂದುಬಿಟ್ಟರೆ ಸಾಕೆ?

ಅಮೆರಿಕದ ಒಹಾಯೋ ರಾಜ್ಯದ ರೈತ ಹೆಂಗಸು ಎಮ್ಮಾ ಗೇಟ್‌ವುಡ್ 1955ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಅಪಲೇಚಿಯನ್ ಬೆಟ್ಟಸಾಲಿನ ಕಾಲುದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಮೇ 3ರಂದು ದಕ್ಷಿಣದ ಜಾರ್ಜಿಯಾದಿಂದ ಹೊರಟು ಸೆಪ್ಟೆಂಬರ್ 25ರಂದು ಉತ್ತರದ ಮೇಯ್ನ್ ರಾಜ್ಯದ ಕಟಾಡಿನ್ ಬೆಟ್ಟದ ತುದಿ ಮುಟ್ಟಿದಳು. ಎರಡು ಸಾವಿರ ಮೈಲಿಗೂ ಮೇಲೆ. ಕಾಲಿಗೆ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನೇ ಹೊಲಿದ ಚೀಲ, ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಡೇರೆ ಇರಲಿಲ್ಲ.

ಪತ್ರಿಕೆಯವರಿಗೆ ಸುಗ್ಗಿ. 'ಗ್ರ್ಯಾಂಡ್‌ಮಾ' ಅಂತ ಹೆಸರಿಟ್ಟರು. ಯಾಕೆ ನಡೀತೀಯ ಅಂತ ಕೇಳಿದರು, ತಮಾಷೆಯ ಉತ್ತರ ಸಿಕ್ಕರೆ ಬರೆದುಕೊಂಡು ಹೋದರು. ಎಲ್ಲಿಂದ ಎದ್ದು ಬಂದೆ ಅಂತ ಕೇಳಲಿಲ್ಲ. ಗಂಡ ಬದುಕಿದ್ದಾಗಲೇ ಆಕೆ ತಾನು ವಿಧವೆ ಅಂತ ಹೇಳಿಕೊಂಡಿದ್ದಳು.

ಆ ಮೌನವನ್ನು ಒಡೆದದ್ದು ಬೆನ್ ಮಾಂಟ್‌ಗೊಮೆರಿ 2014ರಲ್ಲಿ ಬರೆದ ಆಕೆಯ ಜೀವನಚರಿತ್ರೆ. ಹನ್ನೊಂದು ಮಕ್ಕಳನ್ನು ಹೆತ್ತು ಸಾಕಿದ ಈ ತಾಯಿ ಮೂವತ್ತು ವರ್ಷಕ್ಕೂ ಮಿಕ್ಕಿ ಗಂಡನ ಹೊಡೆತ ತಿಂದವಳು. ಹೊಡೆತ ತಾಳದೆ ಕಾಡಿಗೆ ಓಡಿಹೋಗುತ್ತಿದ್ದಳು. ಒಮ್ಮೆ ಪೊಲೀಸಿನವರು ಹಿಡಿದೊಯ್ದದ್ದು ಹೊಡೆದವನನ್ನಲ್ಲ, ಇವಳನ್ನೇ! ಕೊನೆಗೆ ಕೋರ್ಟಿನಲ್ಲಿ ವಿಚ್ಛೇದನ ಪಡೆದಳು. ಅಂದರೆ ಕಾಡು ಆಕೆಗೆ ವಿಹಾರಸ್ಥಳ ಆಗಿರಲಿಲ್ಲ. ಜೀವ ಉಳಿಸಿದ ಜಾಗ. ಇದನ್ನು ಬಿಟ್ಟು 'ಗಟ್ಟಿ ಅಜ್ಜಿ' ಅಂತ ಹೊಗಳುವುದು ಆ ಮನೆಯ ದೌರ್ಜನ್ಯವನ್ನು ಮುಚ್ಚುವ ಕೆಲಸವೇ.

ಆದರೂ ನಮ್ಮದು ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಎಮ್ಮಾ ದಾರಿಯುದ್ದಕ್ಕೂ ಗುರುತಿಲ್ಲದವರ ಬಾಗಿಲು ತಟ್ಟಿದಳು. ಕೆಲವರು ಅಟ್ಟಿದರು, ಬಹಳಷ್ಟು ಜನ ಊಟ, ಹಾಸಿಗೆ ಕೊಟ್ಟರು. ಬಾಗಿಲು ತಟ್ಟಿದರೆ ಮೊದಲು ಜಾತಿ ಕೇಳುವ ಊರುಗಳಿಂದ ಬಂದವರು ನಾವು. ಅದೇ ವಯಸ್ಸಿನ ಕಪ್ಪು ಹೆಂಗಸೊಬ್ಬಳು 1955ರ ಜಾರ್ಜಿಯಾದಲ್ಲಿ ಹೀಗೆ ಬಾಗಿಲು ತಟ್ಟಬಹುದಿತ್ತೆ? ಶಾಲೆ, ಬಸ್ಸು, ಎಲ್ಲದರಲ್ಲೂ ಬಣ್ಣದ ಪ್ರಕಾರ ಜನರನ್ನು ಬೇರೆ ಮಾಡಿದ್ದ ಕಾಲ ಅದು. ಆ ಆಗಸ್ಟ್‌ನಲ್ಲೇ ಮಿಸ್ಸಿಸಿಪ್ಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಬಿಳಿಯರು ಕೊಂದರು. ಬರೀ ಬಿಳಿಯರೇ ಇದ್ದ ಜ್ಯೂರಿ ಆರೋಪಿಗಳನ್ನು ಬಿಟ್ಟುಕಳಿಸಿದ್ದು ಸೆಪ್ಟೆಂಬರ್ 23ರಂದು, ಎಮ್ಮಾ ಬೆಟ್ಟದ ತುದಿ ಮುಟ್ಟುವುದಕ್ಕೆ ಎರಡೇ ದಿನ ಮೊದಲು.

ಇದು ಎಮ್ಮಾಳ ಮೇಲಿನ ಆರೋಪವಲ್ಲ. ಆಕೆಯ ಕಾಲಿನ ಬಲ ಆಕೆಯದೇ. 1957ರಲ್ಲಿ ಅದೇ ದಾರಿಯನ್ನು ಮತ್ತೆ ನಡೆದಳು. ಆದರೆ ಧೈರ್ಯವೊಂದಿದ್ದರೆ ಯಾರು ಬೇಕಾದರೂ ನಡೆಯಬಹುದು ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಮೇಷ್ಟ್ರುಗಳು ಈ ಕತೆಯನ್ನು ಮಕ್ಕಳಿಗೆ ಖಂಡಿತ ಹೇಳಲಿ. ಹೇಳುವಾಗ ಆಕೆ ಬಿಟ್ಟು ಬಂದ ಮನೆಯನ್ನೂ ಹೇಳಲಿ, ಆಕೆಗೆ ತೆರೆದ ಬಾಗಿಲು ಯಾರಿಗೆ ತೆರೆಯುತ್ತಿರಲಿಲ್ಲ ಅನ್ನುವುದನ್ನೂ ಹೇಳಲಿ.