ಕಡಲಿಗಿಳಿಯುವ ಬೂಟು

ಸ್ಕೂಬಾ ಸಾಮಾನುಗಳಲ್ಲಿ ಎಲ್ಲರೂ ಹೊಗಳುವುದು ಕ್ಯಾಮೆರಾವನ್ನು, ಕಂಪ್ಯೂಟರನ್ನು. ನನ್ನ ಮೆಚ್ಚುಗೆ ಗಟ್ಟಿ ತಳದ ನಿಯೋಪ್ರೀನ್ ಬೂಟಿಗೆ. ನಮ್ಮ ನೇತ್ರಾಣಿ ದ್ವೀಪಕ್ಕೆ ಮುರುಡೇಶ್ವರದಿಂದ ದೋಣಿ ಬೇಕು. ಅಲ್ಲಿ ಬೂಟಿನ ಬೆಲೆ ತಿಳಿಯದು. ದಡದಿಂದಲೇ ನಡೆದು ಇಳಿಯುವ ಕಡೆ ಅದಿಲ್ಲದೆ ಗತಿಯಿಲ್ಲ.

ಬಾಲಿಯ ತುಲಾಂಬೆನ್ ನೋಡಿ. 1942ರ ಜನವರಿಯಲ್ಲಿ ಜಪಾನಿ ಜಲಾಂತರ್ಗಾಮಿಯ ಟಾರ್ಪಿಡೊ ಪೆಟ್ಟು ತಿಂದ ಅಮೆರಿಕದ ‘ಲಿಬರ್ಟಿ’ ಹಡಗನ್ನು ಆ ದಡಕ್ಕೆ ತಂದು ಹತ್ತಿಸಿದ್ದರು. 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ನೀರಿಗೆ ಜಾರಿತು. ಈಗ ಕೂಗಳತೆಯಲ್ಲೇ ಹವಳ ಹೊದ್ದು ಮಲಗಿದೆ. ಆದರೆ ದಡವೆಲ್ಲ ಉರುಟು ಕಲ್ಲು, ಬೆನ್ನ ಮೇಲೆ ಸಿಲಿಂಡರಿನ ಭಾರ. ದೊಡ್ಡ ಅಲೆಗಳ ಸರತಿ ಮುಗಿಯುವವರೆಗೆ ನಿಂತು ನೋಡಿ, ಆಮೇಲೆ ಕಾಲೆಳೆದುಕೊಂಡೇ ನಡೆಯಬೇಕು; ಕಾಲಿಗೆ ಫಿನ್ ತೊಡುವುದು ಸೊಂಟಮಟ್ಟದ ನೀರಿನಲ್ಲಿ. ಮೊದಲು ಸೆಳೆತಕ್ಕೆ ಎದುರಾಗಿ ಈಜಿದರೆ ವಾಪಸು ಬರುವಾಗ ಅದೇ ತಳ್ಳಿಕೊಡುತ್ತದೆ. ತರಬೇತಿಯಿಲ್ಲದೆ ಹಡಗಿನೊಳಗೆ ನುಗ್ಗಬೇಡಿ. ಹವಳದ ಮೇಲಂತೂ ಬೂಟಿಡಲೇಬಾರದು. ಅದು ಬರೀ ಕಲ್ಲಲ್ಲ, ಜೀವ.

ಬೂಟು ಕಳಚಿದ ಮೇಲೂ ಎಚ್ಚರ ಬೇಕು. ಘಟ್ಟದ ಮೇಲಿನ ತಾಳವಾಡಿ ಕಡೆಯ ಗೆಳೆಯರಿಗೆ ಇನ್ನೊಂದು ಮಾತು. ತಮಿಳುನಾಡಿನ ಕರಾವಳಿಯಲ್ಲಿ ಮುಳುಗೆದ್ದು ಅದೇ ರಾತ್ರಿ ದಿಂಬಂ ಘಟ್ಟದ 27 ತಿರುವು ಹತ್ತಬೇಡಿ. ಘಟ್ಟದ ನೆತ್ತಿ 1,000 ಮೀಟರ್ ದಾಟುತ್ತದೆ. ಗಾಳಿಯ ಒತ್ತಡ ತಗ್ಗಿದರೆ ಮೈಯಲ್ಲಿ ಕರಗಿರುವ ಸಾರಜನಕ ಗುಳ್ಳೆಗಟ್ಟಬಹುದು. ವಿಮಾನ ಹತ್ತುವವರಿಗೆ ಹೇಳುವ ಲೆಕ್ಕವನ್ನೇ ಇಲ್ಲಿಗೂ ಇಟ್ಟುಕೊಳ್ಳಿ: ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಸಲವಾದರೆ 18 ಗಂಟೆ ಕಾಯಬೇಕು.